ಫರ್ಶಿಯ ಮೇಲೆ ಕಲಿಸಿದ ಸಹಿ

ನಮ್ಮ ಕಡೆ ‘ಹೆಬ್ಬೆಟ್ಟು’ ಅನ್ನುವುದು ಒಂದು ಬೈಗುಳ. ಕತ್ತೆ ಅಂದರೆ ನಕ್ಕು ಸುಮ್ಮನಾಗುವವರೂ ಹೆಬ್ಬೆಟ್ಟು ಅಂದರೆ ಜಗಳಕ್ಕೆ ನಿಲ್ಲುತ್ತಾರೆ. ಹೆಣ್ಣು ನೋಡಲು ಬಂದವರು ಅಡುಗೆ, ಹೊಲಿಗೆ ಎಲ್ಲ ಕೇಳಿ ಮುಗಿಸಿದ ಮೇಲೆ ಹುಡುಗಿಗೆ ಸಹಿ ಬರುತ್ತದೋ ಇಲ್ಲವೋ ಎಂದು ಮೆಲ್ಲಗೆ ಕೇಳುತ್ತಾರೆ. ಬರದಿದ್ದರೆ ಲಗ್ನಕ್ಕೆ ಮುಂಚೆ ತವರಿನವರು ಕಲಿಸಿ ಕಳಿಸುತ್ತಾರೆ. ಅದಕ್ಕೆ ಸ್ಲೇಟು-ಪಾಟಿ ಬೇಕಿಲ್ಲ. ಶಹಾಬಾದಿನಲ್ಲಿ ಎಷ್ಟು ಬಡವರ ಮನೆಯಾದರೂ ನೆಲಕ್ಕೆ ಫರ್ಶಿ ಇರುತ್ತದೆ. ಕಲ್ಲು ನಮ್ಮ ಊರಿನದೇ. ಆ ಬೂದು ಕಲ್ಲಿನ ಮೇಲೆ ಬಳಪದಿಂದ ಹೆಸರು ಬರೆದು, ಅದನ್ನೇ ತಿದ್ದು ಎಂದು ಹುಡುಗಿಯನ್ನು ಕೂಡಿಸುತ್ತಾರೆ. ಎಂಟು ದಿನ ತಿದ್ದಿದರೆ ಸಹಿ ಕೈಗೆ ಹತ್ತುತ್ತದೆ. ಆಮೇಲೆ ನೀರು ಹಾಕಿ ನೆಲ ಒರೆಸುತ್ತಾರೆ. ಓದು ಅಲ್ಲಿಗೆ ಮುಗಿಯಿತು.

ಇದನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಹದಿನೈದು ವರ್ಷದ ಹಿಂದೆ ನಾನೇ ಈ ಕೆಲಸವನ್ನು ಒಂದು ಇಡೀ ಓಣಿಗೆ ಮಾಡಿದವನು. ನಾನು ಶಹಾಬಾದಿನ ಒಂದು ಪ್ರಾಥಮಿಕ ಶಾಲೆಯ ಮಾಸ್ತರ. ಆಗ ಮಕ್ಕಳ ಪ್ರಗತಿ ಪತ್ರಗಳಲ್ಲಿ ಪಾಲಕರು ಸಹಿ ಮಾಡುವ ಜಾಗದಲ್ಲಿ ಬರೀ ನೀಲಿ ಹೆಬ್ಬೆಟ್ಟುಗಳಿರುತ್ತಿದ್ದವು. ತಪಾಸಣೆಗೆ ಬಂದ ಸಾಹೇಬರೊಬ್ಬರು ಅವನ್ನು ತಿರುವಿಹಾಕುತ್ತ, ನಿಮ್ಮ ಪಾಲಕರೆಲ್ಲ ಒಂದೇ ಥರ ಸಹಿ ಮಾಡುತ್ತಾರಲ್ಲ ಎಂದು ನಕ್ಕರು. ನನ್ನ ಪಿತ್ತ ನೆತ್ತಿಗೇರಿತು. ಮರುವಾರವೇ ಕಲ್ಲಿನ ಪಾಲಿಶ್ ಅಂಗಳಗಳ ಹಿಂದಿನ ಓಣಿಯ ತಾಯಂದಿರನ್ನು ಶಾಲೆಯ ವರಾಂಡದಲ್ಲಿ ಕೂಡಿಸಿದೆ. ಅಕ್ಷರ ಓರೆಯಾಗಬಾರದೆಂದು ಫರ್ಶಿಯ ಮೇಲೆ ಮೊದಲು ಒಂದು ಗೆರೆ ಎಳೆದೆ. ಗೆರೆಯ ಮೇಲೆ ಅವರವರ ಹೆಸರು ಬರೆದುಕೊಟ್ಟೆ. ಹತ್ತು ದಿನದಲ್ಲಿ ಎಲ್ಲರಿಗೂ ಸಹಿ ಬಂತು. ಹೆಡ್ ಮಾಸ್ತರರು ಬೆನ್ನು ಚಪ್ಪರಿಸಿದರು, ತಾಯಂದಿರು ಸೇರಿ ಒಂದು ಟೆಂಗಿನಕಾಯಿ ಕೊಟ್ಟರು. ಊರಿಗೆ ಅಕ್ಷರ ತಂದವನಂತೆ ನಾನು ಎದೆಯುಬ್ಬಿಸಿ ತಿರುಗಿದೆ. ಆ ತಿರುಗಾಟ ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೋದ ವರ್ಷ ಸಮೀಕ್ಷೆಯ ಕೆಲಸ ಬಂತು. ಮಾಸ್ತರನಾದವನಿಗೆ ಪಾಠ ಒಂದು ಬಿಟ್ಟು ಉಳಿದ ಎಲ್ಲ ಕೆಲಸವೂ ಬರುತ್ತದೆ. ಈ ಸಲ ಮನೆಮನೆಗೆ ಹೋಗಿ ಎರಡು ವಿಷಯ ಬರೆದುಕೊಳ್ಳಬೇಕಿತ್ತು: ಯಾರಿಗೆ ಅಕ್ಷರ ಬರುತ್ತದೆ, ಯಾರ ಹತ್ತಿರ ಓದಲು ಏನಿದೆ. ತರಬೇತಿ ಸೇಡಂನಲ್ಲಿ. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ, ತಾಸು ತಡವಾಗಿ ನಾವು ಸೇಡಂ ಮುಟ್ಟಿದಾಗ ಸಭಾಭವನದಲ್ಲಿ ಫ್ಯಾನುಗಳ ಕೆಳಗಿನ ಕುರ್ಚಿಗಳೆಲ್ಲ ತುಂಬಿದ್ದವು. ತರಬೇತಿ ಕೊಟ್ಟ ಅಧಿಕಾರಿ ಒಳ್ಳೆಯ ಮನುಷ್ಯ, ಒಳ್ಳೆಯ ಕಂಠ. ಮೊಬೈಲಿನಲ್ಲಿರುವ ನಮೂನೆಯನ್ನು ಪರದೆಯ ಮೇಲೆ ತೋರಿಸಿ, ಸಹಿ ಮಾಡಿದವರು ಅಕ್ಷರಸ್ಥರು, ನಮಗೆ ಕೊಡುವ ಕಾರ್ಡಿನ ಮೇಲಿನ ಕನ್ನಡ ವಾಕ್ಯ ಓದಿದವರೂ ಅಕ್ಷರಸ್ಥರು, ಎರಡರಲ್ಲಿ ಒಂದು ಬಂದರೆ ಸಾಕು ಎಂದರು. ನಾನು ಎದ್ದು ನಿಂತು, ಸಹಿ ಬಂದವರಿಗೆಲ್ಲ ಓದು ಬರುತ್ತದೆಯೇ ಎಂದು ಕೇಳಿದೆ. ಎರಡರಲ್ಲಿ ಒಂದು ಸಾಕು ಎಂದು ಅವರು ಮತ್ತೆ ಹೇಳಿದರು. ಪಕ್ಕದಲ್ಲಿದ್ದ ಮಾಸ್ತರರು ನನ್ನ ಅಂಗಿ ಜಗ್ಗಿ ಕೂಡಿಸಿದರು. ಚಹಾ ಬಂದಿತ್ತು, ನಾನು ಮಾತು ಬೆಳೆಸಿದರೆ ಆರಿಹೋಗುತ್ತಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕೆಲಸ ಇದು ಎಂದು ಅಂದೇ ಗೊತ್ತಾಯಿತು. ಆದರೂ ಮಾಡಿದೆ. ಹಾಗೆ ಮಾಡುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ.

ಓದುವ ಸಾಮಗ್ರಿ ಎಣಿಸಲು ಮೊದಲೆರಡು ದಿನ ನನ್ನನ್ನು ವಾಡಿಗೆ ಹಾಕಿದರು. ಅಲ್ಲಿ ಒಂದು ಓಣಿಯ ವಾಚನಾಲಯದ ಬೀಗ ತೆಗೆಸಿದರೆ ಒಳಗೆ ಪುಸ್ತಕದ ಕಟ್ಟುಗಳು, ಸುತ್ತಿದ ಸುತಳಿ ಸಮೇತ ಹಾಗೇ ಇದ್ದವು. ಬಿಚ್ಚೋಣ ಅಂದೆ. ಕೀಲಿ ಇಟ್ಟುಕೊಂಡಿದ್ದ ಹಿರಿಯರು ಗಾಬರಿಯಾದರು. ಬಿಚ್ಚಿದರೆ ಮತ್ತೆ ಕಟ್ಟುವವರು ಯಾರು ಎಂಬುದು ಅವರ ಚಿಂತೆ. ಸುತಳಿಯ ಸಂದಿಯಲ್ಲಿ ಬೆರಳು ಹಾಕಿ ಬೆನ್ನು ಎಣಿಸಿ ಬರೆದುಕೊಂಡೆ. ಎಷ್ಟು ಪುಸ್ತಕ ಇವೆ ಎಂದು ನಮೂನೆ ಕೇಳಿತ್ತು. ಯಾರಾದರೂ ತೆಗೆದು ನೋಡಿದ್ದಾರೆಯೇ ಎಂದು ಅದು ಕೇಳಿರಲಿಲ್ಲ.

ಮೂರನೆಯ ದಿನ ನಮ್ಮದೇ ಓಣಿಗೆ ಬಂದೆ. ಹದಿನೈದು ವರ್ಷದ ಹಿಂದೆ ನಾನು ವರಾಂಡದಲ್ಲಿ ಕೂಡಿಸಿದ ಅದೇ ತಾಯಂದಿರು ಬಾಗಿಲಲ್ಲಿ ನಿಂತು ಬರ್ರಿ ಸರ, ಕುಂದ್ರಿ ಎಂದರು. ಅಕ್ಷರ ಬರುತ್ತದೆಯೇ ಎಂದು ನಾನು ಕೇಳಿದರೆ ಅವರಿಗೆ ನಗು. ನೀವೇ ಕಲಿಸಿ, ನೀವೇ ಕೇಳುತ್ತೀರಲ್ಲ ಎಂದು ಒಬ್ಬರಾದ ಮೇಲೊಬ್ಬರು ತಮಾಷೆ ಮಾಡಿದರು. ಯಾರೂ ಬರುವುದಿಲ್ಲ ಅನ್ನಲಿಲ್ಲ. ಹೇಗೆ ಅಂದಾರು? ಪಕ್ಕದ ಮನೆಯವಳು ಗೋಡೆಯ ಮೇಲಿಂದ ಕೇಳಿಸಿಕೊಳ್ಳುತ್ತಿದ್ದಾಳೆ, ಸೊಸೆ ಒಳಗಿದ್ದಾಳೆ. ಒಬ್ಬೊಬ್ಬರೇ ಬಂದು ನನ್ನ ಮೊಬೈಲಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಿದರು. ನಾನು ಅಕ್ಷರಸ್ಥೆ, ಅಕ್ಷರಸ್ಥೆ ಎಂದು ಗುರುತು ಹಾಕುತ್ತ ಹೋದೆ.

ಅವರಲ್ಲಿ ಒಬ್ಬಾಕೆಯ ಮಗಳು ನನ್ನ ಶಾಲೆಯಲ್ಲೇ ಕಲಿತವಳು. ಹುಡುಗಿಯ ಅಕ್ಷರ ಮುತ್ತು ಪೋಣಿಸಿದ ಹಾಗೆ. ಚಿಂಚೋಳಿಗೆ ಕೊಟ್ಟು ಎರಡು ವರ್ಷ ಆಗಿತ್ತು. ತಾಯಿ ಪಾಲಿಶ್ ಅಂಗಳದಲ್ಲಿ ಕಲ್ಲು ಉಜ್ಜುವ ಮಷೀನಿಗೆ ನೀರು ಹಿಡಿಯುತ್ತಾಳೆ. ಗಂಡ ಇಲ್ಲ, ಮನೆಯಲ್ಲಿ ಒಬ್ಬಳೇ. ಆಕೆ ಸಹಿ ಮಾಡಿದಾಗ ನಾನು ಒಂದು ಸಂಗತಿ ನೋಡಿಯೂ ನೋಡದವನಂತೆ ಮುಂದೆ ಹೋದೆ. ಆಕೆ ಮೊದಲು ಕೆಳಗಿನ ಗೆರೆ ಎಳೆದಳು, ಆಮೇಲೆ ಅದರ ಮೇಲೆ ಹೆಸರು ಬರೆದಳು. ಹೆಸರು ಬರೆಯುವವರು ಯಾರೂ ಗೆರೆಯಿಂದ ಶುರು ಮಾಡುವುದಿಲ್ಲ. ಅಕ್ಷರ ಓರೆಯಾಗದಿರಲೆಂದು ನಾನು ಎಳೆದಿದ್ದ ಗೆರೆಯನ್ನೂ ಆಕೆ ತನ್ನ ಹೆಸರೆಂದೇ ಕಲಿತಿದ್ದಳು.

ಓಣಿಯ ಕೊನೆಯ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಮುಸ್ಲಿಂ ಹೆಣ್ಣುಮಗಳು ಇದ್ದಾರೆ. ಓಣಿಯೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತದೆ, ನಾನೂ ಹಾಗೇ ಕರೆಯುವುದು. ನಾನು ಹೋದಾಗ ಖಾಲಾ ದಾರ ಕಟ್ಟಿದ ಚಷ್ಮಾ ಹಾಕಿಕೊಂಡು ಉರ್ದು ಪುಸ್ತಕ ಓದುತ್ತಿದ್ದರು. ಹಿಂದೆ ಗೋಡೆಯ ಗೂಡಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಪುಸ್ತಕಗಳು, ನಲವತ್ತಕ್ಕಿಂತ ಹೆಚ್ಚು. ಮೂರು ದಿನದಲ್ಲಿ ನಾನು ಕಂಡ ಮನೆಗಳಲ್ಲಿ ಅಷ್ಟು ಪುಸ್ತಕ ಎಲ್ಲಿಯೂ ಇರಲಿಲ್ಲ. ಸಹಿ ಮಾಡಿರಿ ಅಂದೆ. ಖಾಲಾ ಹೆಬ್ಬೆಟ್ಟು ಮುಂದೆ ಮಾಡಿದರು. ನಾನು ಬೆಪ್ಪಾಗಿ ನೋಡಿದ್ದಕ್ಕೆ ನಕ್ಕರು.

“ನಮ್ಮ ಅಬ್ಬಾ ಓದಲಿಕ್ಕ ಕಲಿಸಿದ್ರು ಮಾಸ್ತರ, ಬರೀಲಿಕ್ಕ ಕಲಿಸಲಿಲ್ಲ. ಹುಡುಗಿ ಬರೀಲಿಕ್ಕ ಕಲತ್ರ ಯಾರಿಗರ ಚಿಠ್ಠಿ ಬರಿತಾಳಂತ ಅಂಜಿಕಿ.”

ಕಾರ್ಡಿನ ವಾಕ್ಯ ಕನ್ನಡದಲ್ಲಿತ್ತು; ಖಾಲಾಗೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಸಹಿ ಇಲ್ಲ, ಕಾರ್ಡು ಇಲ್ಲ. ಪಕ್ಕದ ಓಣಿಯ ಮೂವತ್ತು ಮನೆ ಇನ್ನೂ ಬಾಕಿ ಇದ್ದವು, ಬಿಸಿಲು ತಲೆಯ ಮೇಲೆ ಬಂದಿತ್ತು. ನಾನು ನಿರಕ್ಷರಿ ಎಂದು ಗುರುತು ಹಾಕಿದೆ. ಪುಸ್ತಕದ ಸಂಖ್ಯೆ ಬರೆದೆ. ಆಗ ಮೊಬೈಲು ಕೆಂಪಗಾಯಿತು. ಓದುವವರಿಲ್ಲದ ಮನೆಯಲ್ಲಿ ಇಷ್ಟು ಪುಸ್ತಕ ಇರಲಾರವು, ಮತ್ತೆ ಪರಿಶೀಲಿಸಿ ಎಂದಿತು. ಚಿತ್ತಾಪುರದಲ್ಲಿದ್ದ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಅವರಿಗೆ ಅವತ್ತು ಅದು ಎಷ್ಟನೆಯ ಫೋನೋ, ಬೇಸರದಿಂದ ಹೇಳಿದರು: “ಪುಸ್ತಕ ಸೊನ್ನಿ ಮಾಡ್ರಿ ಸರ, ಸರಿ ಆಗ್ತದ.”

ಸೊನ್ನೆ ಮಾಡಿದೆ. ಸರಿಯಾಯಿತು. ನಲವತ್ತು ಪುಸ್ತಕ ನನ್ನ ಕಣ್ಣೆದುರೇ ಗೂಡಿನಲ್ಲಿದ್ದವು, ಲೆಕ್ಕದಲ್ಲಿ ಒಂದೂ ಇರಲಿಲ್ಲ. ಆ ಪುಸ್ತಕಗಳ ಒಂದು ಅಕ್ಷರವೂ ನನಗೆ ಓದಲು ಬರುವುದಿಲ್ಲ. ಆ ಮನೆಯಲ್ಲಿ ಆಗ ಹೆಬ್ಬೆಟ್ಟು ಯಾರಾದರೂ ಇದ್ದರೆ ಅದು ನಾನು. ಆದರೆ ಮೊಬೈಲು ನನ್ನ ಕೈಯಲ್ಲಿತ್ತು.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಚಿಂಚೋಳಿಗೆ ಮಗಳನ್ನು ಕೊಟ್ಟ ಆ ತಾಯಿ ಶಾಲೆಗೆ ಬಂದಳು. ಕೈಯ ಬಿರುಕುಗಳಲ್ಲಿ ಕಲ್ಲಿನ ಹಿಟ್ಟು ಹಾಗೇ ಇತ್ತು. ಸೆರಗಿನಿಂದ ಮೊಬೈಲು ತೆಗೆದು, ಮಗಳು ಏನು ಬರೆದಿದ್ದಾಳೆ ಓದಿ ಹೇಳಿ ಎಂದಳು. ನಾನು ಓದಿದೆ. ‘ಅರಾಮ ಅದೀನಿ. ಊಟ ಆಯ್ತು. ನೀ ಅರಾಮ ಇರು.’ ಅದರ ಹಿಂದಿನದೂ ಅದೇ. ಅದರ ಹಿಂದಿನದೂ ಅದೇ. ಇಷ್ಟಕ್ಕೆ ಅರ್ಧ ದಿನದ ಕೆಲಸ ಬಿಟ್ಟು ಬರಬೇಕೇ, ಫೋನ್ ಹಚ್ಚಿ ಮಾತಾಡಬಾರದೇ ಎಂದು ರೇಗಿದೆ. ನನ್ನ ಬಾಯಿ ಯಾವಾಗಲೂ ತಲೆಗಿಂತ ಒಂದು ಹೆಜ್ಜೆ ಮುಂದೆ.

ಆಕೆ ಕೂತು ಹೇಳಿದಳು. ಮಗಳ ಅತ್ತೆಯ ಮನೆ ಎರಡೇ ಕೋಣೆಯದು. ಫೋನಿನಲ್ಲಿ ಮಾತಾಡಿದರೆ ಅತ್ತೆ ಕೇಳುತ್ತಾಳೆ, ಧ್ವನಿ ಕಳಿಸಿದರೂ ಕೇಳುತ್ತಾಳೆ. ನಲ್ಲಿಯ ಹತ್ತಿರವೂ ನಾಲ್ಕು ಮಂದಿ ಇರುತ್ತಾರೆ, ಅದಕ್ಕೇ ಹುಡುಗಿ ಅಲ್ಲಿ ಕೊಡ ತುಂಬುವಾಗ ನಿಂತು ಬರೆದು ಕಳಿಸುತ್ತಾಳೆ. ಮೊದಲೆಲ್ಲ ಉದ್ದುದ್ದ ಬರೆಯುತ್ತಿದ್ದಳು. ತಾಯಿ ಅದನ್ನು ಜೆರಾಕ್ಸ್ ಅಂಗಡಿಯವನ ಹತ್ತಿರ ಓದಿಸುತ್ತಿದ್ದಳು. ಕೆಲವು ತಿಂಗಳ ಹಿಂದೆ ಹುಡುಗಿಗೆ ಎರಡೂವರೆ ತಿಂಗಳಿಗೇ ಬಸಿರು ಇಳಿದುಹೋಯಿತು. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ, ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಮಗಳು ಬರೆದಳು. ಅಂಗಡಿಯವನು ಅದನ್ನು ಗಿರಾಕಿಗಳೆದುರು ಗಟ್ಟಿಯಾಗಿ ಓದಿದ. ತಾಯಿ ಮನೆ ಮುಟ್ಟುವಷ್ಟರಲ್ಲಿ ಓಣಿಯ ಹೆಂಗಸರು ಸಮಾಧಾನ ಹೇಳಲು ಬಂದು ಕೂತಿದ್ದರು. ನಾಲ್ಕು ದಿನದಲ್ಲಿ ಯಾರದೋ ಬೀಗರ ಬಾಯಿಂದ ಮಾತು ಚಿಂಚೋಳಿ ಮುಟ್ಟಿತು. ಮುಚ್ಚಿಟ್ಟಿದ್ದಕ್ಕೆ ಹುಡುಗಿ ಏನೇನು ಅನುಭವಿಸಿದಳೋ ತಾಯಿಗೆ ಗೊತ್ತಿಲ್ಲ. ಅವತ್ತಿನಿಂದ ಬರುವುದು ಇದೊಂದೇ.

“ಅರಾಮ ಅದೀನಿ, ಅರಾಮ ಅದೀನಿ. ಬ್ಯಾರೆದು ಬರಿಯಂಗೇ ಇಲ್ರಿ ಸರ. ಅವ್ವನೇ ಓದ್ತಾಳಂತ ಗೊತ್ತಾದ್ರ ಖರೇ ಬರಿತಾಳ. ನನಗ ಓದೂದು ಕಲಸ್ರಿ.”

ನಾನು ಒಂದು ಹಾಳೆ ಕೊಟ್ಟು ಸಹಿ ಮಾಡಲು ಹೇಳಿದೆ. ಗೆರೆ ಎಳೆದು ಹೆಸರು ಬರೆದಳು. ಹೆಸರಿನ ಅರ್ಧವನ್ನು ಅಂಗೈಯಿಂದ ಮುಚ್ಚಿ, ಉಳಿದದ್ದು ಏನು ಎಂದು ಕೇಳಿದೆ. ಆಕೆಗೆ ಗೊತ್ತಾಗಲಿಲ್ಲ. ಹದಿನೈದು ವರ್ಷ ದಿನ ಬಿಟ್ಟು ದಿನ ಬರೆದ ಹೆಸರು. ಅದರೊಳಗೆ ಬೇರೆ ಬೇರೆ ಅಕ್ಷರ ಇವೆ ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು. ಟೆಂಗಿನಕಾಯಿ ತಿಂದು ಮರೆತಿದ್ದೆ.

ಶಾಲೆ ಬಿಟ್ಟ ಮೇಲೆ ಮನೆಗೆ ಬಾ, ದಿನಾ ಒಂದು ತಾಸು ಹೇಳಿಕೊಡುತ್ತೇನೆ ಎಂದೆ. ಅದು ಆಗದ ಮಾತು ಎಂದಳು. ಹತ್ತು ಮಂದಿ ಕೂಡ ಕೂತು ಕಲಿತರೆ ಯಾರೂ ಏನೂ ಅನ್ನುವುದಿಲ್ಲ, ಗಂಡ ಇಲ್ಲದವಳು ಒಬ್ಬಳೇ ದಿನಾ ಒಬ್ಬರ ಮನೆಗೆ ಹೋದರೆ ಓಣಿ ಬಾಯಿ ತೆರೆಯುತ್ತದೆ. ಆ ಬಾಯಿಯಿಂದ ತಪ್ಪಿಸಿಕೊಳ್ಳಲಿಕ್ಕೇ ತಾನು ಓದು ಕಲಿಯಬೇಕೆಂದದ್ದು ಎಂದಳು.

ಸಮೀಕ್ಷೆ ಮುಗಿದ ಮೇಲೆ ನಿರಕ್ಷರಿಗಳಿಗೆ ಸಂಜೆಯ ತರಗತಿ ನಡೆಸಬೇಕೆಂದು ಆದೇಶ ಬಂದಿತ್ತು. ನಮ್ಮ ಓಣಿಯಲ್ಲೂ ಒಂದು ವಾಚನಾಲಯ ಇದೆ, ತರಗತಿ ಅಲ್ಲೇ, ಕಲಿಸುವವನೂ ನಾನೇ. ಆದರೆ ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಪಾಠಪುಸ್ತಕ, ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಹಾಜರಿ. ನಮ್ಮ ಓಣಿ, ಪಕ್ಕದ ಓಣಿ ಸೇರಿ ಹನ್ನೆರಡು ಹೆಸರಿದ್ದವು. ಎಲ್ಲರೂ ಸಹಿ ಕಲಿಸುವ ಕಾಲಕ್ಕೆ ಊರಲ್ಲಿರದವರು ಅಥವಾ ತೀರಾ ಮುದುಕಿಯರು. ಈಕೆ ಅಕ್ಷರಸ್ಥೆ. ಹಾಗೆಂದು ಗುರುತು ಹಾಕಿದ ಬೆರಳು ನನ್ನದು.

ತಿದ್ದಿಸಲು ಓಡಾಡಿದೆ. ಚಿತ್ತಾಪುರಕ್ಕೆ ಫೋನ್ ಮಾಡಿದರೆ ಸೇಡಂನವರನ್ನು ಕೇಳಿ ಅಂದರು. ಒಂದು ಶನಿವಾರ ಮತ್ತೆ ವಾಡಿಯಲ್ಲಿ ಗಾಡಿ ಬದಲಿಸಿ, ಕಾಗಿಣಾ ಹೊಳೆಯ ನೀರು ನೋಡುತ್ತ ಸೇಡಂಗೆ ಹೋದೆ. ಒಳ್ಳೆಯ ಕಂಠದ ಅಧಿಕಾರಿ ನನ್ನನ್ನು ಗುರುತಿಸಿ ಚಹಾ ತರಿಸಿದರು. ನಾನು ಎಲ್ಲ ಹೇಳಿದೆ. ಮಗಳ ವಿಷಯ ಬಿಟ್ಟು. ಅವರು ಮೊಬೈಲು ತೆಗೆದು ನೋಡಿ, ನಿರಕ್ಷರಿಯನ್ನು ಅಕ್ಷರಸ್ಥೆ ಎಂದು ತಿದ್ದಲು ಅವಕಾಶ ಇದೆ, ಅಕ್ಷರಸ್ಥೆಯನ್ನು ನಿರಕ್ಷರಿ ಎಂದು ತಿದ್ದಲು ಅವಕಾಶ ಇಲ್ಲ ಎಂದರು. ಹಾಗೆ ಯಾರು ಕೇಳುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲವಂತೆ.

“ಒಂದ್ಸಲ ಅಕ್ಷರ ಬಂದೋರಿಗೆ ಮತ್ತ ಹೋಗೂದಿಲ್ಲಲ್ರಿ ಸರ” ಎಂದು ಅವರು ನಕ್ಕರು.

ನಾನು ನಗಲಿಲ್ಲ. ಮೇಜಿನ ಮೇಲಿನ ಚಹಾ ಬಿಟ್ಟು ಎದ್ದು ಬಂದೆ. ಅದು ನನ್ನ ಲೆಕ್ಕದಲ್ಲಿ ದೊಡ್ಡ ಪ್ರತಿಭಟನೆ. ಸ್ಟೇಷನ್ನಿಗೆ ಬಂದು ನೋಡಿದರೆ ಗಾಡಿ ತಡ, ಹೊಟ್ಟೆ ಚುರುಗುಡುತ್ತಿತ್ತು, ಆ ಚಹಾವಾದರೂ ಕುಡಿಯಬೇಕಿತ್ತು ಅನಿಸಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೈ ಚೆಲ್ಲಿ, ತಪ್ಪೆಲ್ಲ ಮೊಬೈಲಿನದು ಎಂದು ತೋರಿಸಿಬಿಟ್ಟ.

ದಾರಿ ತೋರಿಸಿದವರು ಖಾಲಾ. ಪಾಠಪುಸ್ತಕ ಕೊಡಲು ಹೋದರೆ, ಈ ವಯಸ್ಸಿಗೆ ಮತ್ತೆ ಮೊದಲಿನಿಂದ ಕಲಿಯಲು ಕಣ್ಣು ಕೇಳುವುದಿಲ್ಲ ಎಂದರು. ಆ ತಾಯಿಯ ಸಂಕಟ ಅವರಿಗೆ ಗೊತ್ತಿತ್ತು. ಓಣಿಗೆಲ್ಲ ಗೊತ್ತಿರುವಂತೆ ಅಲ್ಲ, ಅಕ್ಕರೆಯಿಂದ ಗೊತ್ತಿತ್ತು. ಪುಸ್ತಕವನ್ನು ನನ್ನ ಕಡೆಗೇ ತಳ್ಳಿದರು.

“ನನ್ನ ಹೆಸರು ಕರೀರಿ, ಆಕಿ ಹಾಜರ್ ಅನ್ಲಿ. ನನ್ನ ಹೆಸರು ಖಾಲಿ ಬಿದ್ದದ, ಯಾರರ ಉಪಯೋಗ ಮಾಡ್ಲಿ.”

ಮೂವತ್ತು ವರ್ಷ ಹಾಜರಿಪುಸ್ತಕದಲ್ಲಿ ಒಂದು ಸುಳ್ಳು ಗುರುತು ಹಾಕದವನು ನಾನು. ಎರಡು ದಿನ ಆಗುವುದಿಲ್ಲ ಎಂದೆ. ಮೂರನೆಯ ದಿನ ನನ್ನ ಆ ನಿಯತ್ತಿನ ಬಗ್ಗೆ ನನಗೇ ಹೇಸಿಕೆ ಬಂತು. ನಲವತ್ತು ಪುಸ್ತಕ ಸೊನ್ನೆ ಮಾಡುವಾಗ ಎಲ್ಲಿತ್ತು ಅದು? ಸಂಜೆ ಆರಕ್ಕೆ ವಾಚನಾಲಯದಲ್ಲಿ ಖಾಲಾ ಅವರ ಹೆಸರು ಕರೆದೆ. ಪಾಲಿಶ್ ಅಂಗಳದಿಂದ ನೇರ ಬಂದ ಆ ತಾಯಿ ಹಾಜರ್ರಿ ಎಂದಳು. ಉಳಿದ ಹನ್ನೊಂದು ಮಂದಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಒಂದು ವಾರಕ್ಕೆ ನಗು ನಿಂತಿತು, ಆಮೇಲೆ ಅದೇ ಆಕೆಯ ಹೆಸರು ಅನ್ನುವಷ್ಟು ರೂಢಿಯಾಯಿತು. ಓಣಿಯ ಬಾಯಿ ಈ ಒಂದು ವಿಷಯದಲ್ಲಿ ಮಾತ್ರ ಹೇಗೆ ಮುಚ್ಚಿಕೊಂಡಿತು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಖಾಲಾ ಏನೋ ಹೇಳಿರಬೇಕು.

ಕಲಿಸುವುದು ಸುಲಭವಾಗಿತ್ತು ಎಂದರೆ ಸುಳ್ಳು. ದಿನವಿಡೀ ನೀರಿನಲ್ಲಿದ್ದ ಕೈ ಬಳಪ ಹಿಡಿಯುತ್ತಿರಲಿಲ್ಲ. ಮಷೀನಿನ ಸದ್ದಿಗೆ ಆಕೆಯ ಕಿವಿ ಮಂದವಾಗಿತ್ತು, ನಾನು ಕೂಗಿ ಕೂಗಿ ಹೇಳಬೇಕಾಗುತ್ತಿತ್ತು. ನನಗೆ ಪುಸ್ತಕದ ಕ್ರಮ ಬೇಕು, ಆಕೆಗೆ ಮಗಳ ಮಾತು ಬೇಕು. ‘ಅರಾಮ’ದ ಅಕ್ಷರಗಳನ್ನು ಮೊದಲು ತೋರಿಸಿ ಎಂದು ಹಟ ಹಿಡಿದಳು. ಅವು ಬಂದ ಮೇಲೆ ಮೊಬೈಲು ತೆಗೆದು, ಆ ಶಬ್ದ ಎಲ್ಲೆಲ್ಲಿದೆ ಎಂದು ಬೆರಳಿಟ್ಟು ತೋರಿಸಿದಳು. ಪ್ರತಿ ಸಂದೇಶದಲ್ಲೂ ಇತ್ತು. ಖುಷಿಯಾಗಬೇಕಾದದ್ದು, ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ, ಕಾಗುಣಿತ ತಪ್ಪಿದ ಒಬ್ಬ ಮುದುಕಿಯ ಮೇಲೆ ರೇಗಿದೆ.

ಅಂಗಡಿ ಬೋರ್ಡು, ಬಸ್ಸಿನ ಹಣೆಪಟ್ಟಿ, ಅಂಗಳದಲ್ಲಿ ಕಲ್ಲಿನ ಅಂಚಿಗೆ ಬರೆಯುವ ಗುರುತು, ಹೀಗೆ ಕಂಡದ್ದನ್ನೆಲ್ಲ ಕೂಡಿಸಿ ಓದಲು ಆಕೆಗೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪರೀಕ್ಷೆ ಬಂತು. ಉತ್ತರ ಪತ್ರಿಕೆಯ ಮೇಲೆ ಪಟ್ಟಿಯಲ್ಲಿರುವ ಹೆಸರಿನ ಸಹಿ ಬೇಕು. ಒಂದು ಸಂಜೆ ಕೂತು ಆಕೆ ಖಾಲಾ ಅವರ ಹೆಸರು ಬರೆಯುವುದು ಕಲಿತಳು. ಹದಿನೈದು ವರ್ಷದ ಹಿಂದೆ ತನ್ನ ಸಹಿಗೆ ಹತ್ತು ದಿನ ತೆಗೆದುಕೊಂಡವಳು, ಬೇರೆಯವರ ಸಹಿಯನ್ನು ಒಂದೇ ಸಲಕ್ಕೆ ಬರೆದು ಕೊಟ್ಟಳು. ಗೆರೆ ಎಳೆಯಲಿಲ್ಲ. ಬೇರೆ ಶಾಲೆಯಿಂದ ಮೇಲ್ವಿಚಾರಣೆಗೆ ಬಂದಿದ್ದ ಮೇಡಂ ಹೆಸರು ಕರೆದು ತಲೆ ಎಣಿಸಿದರು, ಹನ್ನೆರಡು ಸರಿಯಾಯಿತು. ಅವರಿಗೂ ಗಾಡಿ ಹಿಡಿಯುವ ಅವಸರ ಇತ್ತು.

ಫಲಿತಾಂಶ ಬಂದಾಗ ಖಾಲಾ ಪಾಸಾಗಿದ್ದರು. ಬಣ್ಣದ ಅಂಚಿನ ಪ್ರಮಾಣಪತ್ರವನ್ನು ನಾನೇ ಒಯ್ದು ಕೊಟ್ಟೆ. ಖಾಲಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಕ್ಕದಲ್ಲಿದ್ದ ಆ ತಾಯಿಗೆ ಕೊಟ್ಟು, ಇದರಲ್ಲಿ ನನ್ನ ಬಗ್ಗೆ ಏನು ಬರೆದಿದ್ದಾರೆ ಓದು ಎಂದರು. ಆಕೆ ತಡವರಿಸುತ್ತ, ಪ್ರತಿ ಶಬ್ದದ ಮೇಲೆ ಬೆರಳಿಟ್ಟು, ಇವರು ಓದಲು ಮತ್ತು ಬರೆಯಲು ಶಕ್ತರಾಗಿದ್ದಾರೆ ಎಂದು ಪೂರ್ತಿ ಓದಿದಳು. ಇಬ್ಬರೂ ನಕ್ಕ ನಗುವಿಗೆ ಹೊರಗಿನ ಕೋಳಿಗಳು ಚೆದುರಿದವು. ನಾನು ನಗಲು ನೋಡಿದೆ, ಆಗಲಿಲ್ಲ. ಅರವತ್ತು ವರ್ಷ ಓದಿದ ಖಾಲಾ ಕಾಗದದ ಪ್ರಕಾರ ಈ ವರ್ಷ ಅಕ್ಷರ ಕಲಿತರು. ಈ ವರ್ಷ ಕಲಿತವಳಿಗೆ ಮೊದಲೇ ಬರುತ್ತಿತ್ತು. ನಮ್ಮ ಓಣಿ ಸಂಪೂರ್ಣ ಸಾಕ್ಷರ ಎಂದು ಪತ್ರ ಬಂತು. ಅದರ ಕೆಳಗೆ ಸಮೀಕ್ಷೆ ಮಾಡಿದವನ ಸಹಿ ಬೇಕಿತ್ತು. ಮಾಡಿದೆ. ಮಾಡಿದ್ದುಣ್ಣೋ ಮಹಾರಾಯ.

ತರಗತಿ ಮುಗಿದ ದಿನ ಆಕೆ ನನ್ನ ಎದುರಿಗೇ ಮಗಳಿಗೆ ಮೊದಲ ಸಂದೇಶ ಬರೆದಳು. ಅಕ್ಷರ ಹುಡುಕಿ ಒತ್ತಲು ಅರ್ಧ ತಾಸು ಬೇಕಾಯಿತು. ನೋಡಿ ತಿದ್ದಿಕೊಡುತ್ತೇನೆ ಎಂದರೆ ಬೇಡ ಎಂದಳು. ಕಳಿಸಿದ ಮೇಲೆ ತೋರಿಸಿದಳು: ‘ನಾ ಓದ್ತಿನಿ ನಾನೆ ಅವ್ವ’. ತಪ್ಪುಗಳಿದ್ದವು, ನನ್ನ ಕೆಂಪು ಪೆನ್ನಿನ ಕೈ ತುರಿಸಿತು. ಮೊಬೈಲು ಹಾಗೇ ತಿರುಗಿ ಕೊಟ್ಟೆ.

ಒಂದು ವಾರದ ಮೇಲೆ ಊಟದ ಬಿಡುವಿನಲ್ಲಿ ಆಕೆ ಮತ್ತೆ ಶಾಲೆಗೆ ಬಂದಳು. ಮಗಳಿಂದ ಉತ್ತರ ಬಂದಿದೆ ಎಂದು ಆಕೆಯ ಮುಖ ನೋಡಿಯೇ ಗೊತ್ತಾಯಿತು. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ನಾನು ಹಳೆಯ ರೂಢಿಯಂತೆ ಮೊಬೈಲಿಗಾಗಿ ಕೈ ಚಾಚಿದೆ. ಆಕೆ ಮೊಬೈಲು ತೆಗೆಯಲಿಲ್ಲ. ಚೀಲದಿಂದ ಅಂಗೈಯಗಲದ ಒಂದು ಫರ್ಶಿಯ ಚೂರು ತೆಗೆದು ನನ್ನ ಮುಂದೆ ಇಟ್ಟಳು. ಅದರ ಮೇಲೆ ಬಳಪದಿಂದ ಒಂದೇ ಒಂದು ಒತ್ತಕ್ಷರ ನೋಡಿ ಬರೆದಿದ್ದಳು. ಪಾಠದಲ್ಲಿ ಕೆಲವು ಒತ್ತಕ್ಷರ ಮಾತ್ರ ಬಂದಿದ್ದವು, ಇದು ಬಂದಿರಲಿಲ್ಲ. ಇದನ್ನು ಹೇಗೆ ಓದಬೇಕು ಎಂದು ಕೇಳಿದಳು.

ಹೇಳಿದೆ. ಎರಡು ಸಲ ಗಟ್ಟಿಯಾಗಿ ಅಂದು ನೋಡಿದಳು. ತುಟಿ ಅಲ್ಲಾಡಿದವು, ಮನಸ್ಸಿನಲ್ಲಿದ್ದ ಶಬ್ದಕ್ಕೆ ಅದನ್ನು ಕೂಡಿಸಿರಬೇಕು. ಮುಖ ಬದಲಾಯಿತು. ಆ ಅಕ್ಷರ ಇರುವ ಶಬ್ದಗಳು ನನ್ನ ತಲೆಯಲ್ಲಿ ಓಡಿದವು. ಒಳ್ಳೆಯವೂ ಇದ್ದವು, ಕೆಟ್ಟವೂ ಇದ್ದವು. ತಡೆಯಲಾಗಲಿಲ್ಲ. ಪೂರ್ತಿ ಶಬ್ದ ಏನಿದೆ ಹೇಳು ಯಮ್ಮಾ, ತಪ್ಪು ಓದಿಕೊಂಡರೆ ಕಷ್ಟ ಎಂದೆ. ತಪ್ಪು ಓದುವ ಚಿಂತೆ ನೆಪ. ಇಷ್ಟು ತಿಂಗಳು ಕೂಗಿ, ಓಡಾಡಿ, ಸುಳ್ಳು ಹಾಜರಿ ಹಾಕಿದವನಿಗೆ ಹುಡುಗಿ ಏನು ಬರೆದಳೆಂದು ತಿಳಿಯುವ ಹಕ್ಕಿದೆ ಎಂದು ನಾನು ಅಂದುಕೊಂಡಿದ್ದೆ. ಜೆರಾಕ್ಸ್ ಅಂಗಡಿಯವನೂ ಹಾಗೇ ಅಂದುಕೊಂಡಿದ್ದಿರಬೇಕು.

ಆಕೆ ಸೆರಗಿನ ತುದಿಯಿಂದ ಕಲ್ಲು ಒರೆಸಿದಳು.

“ಅದು ಆಕಿ ನನಗ ಬರೆದದ್ದದ್ರಿ ಸರ” ಎಂದು ಎದ್ದಳು.

ಚೂರು ಚೀಲಕ್ಕೆ ಹಾಕಿಕೊಂಡು ಹೋದಳು. ಅವತ್ತು ಮಧ್ಯಾಹ್ನದ ನನ್ನ ಗಣಿತದ ಪಾಠ ಹಳ್ಳ ಹಿಡಿಯಿತು. ಆಮೇಲೆ ಒಂದು ಸೋಮವಾರ ಆಕೆ ಚಿಂಚೋಳಿ ಬಸ್ಸು ಹತ್ತಿದಳು, ಮೂರು ದಿನ ಬಿಟ್ಟು ಬಂದಳು, ಮತ್ತೆ ಮಷೀನಿಗೆ ನೀರು ಹಿಡಿಯಲು ಹೋದಳು. ಆಗಾಗ ಒಂದು ಹೊಸ ಒತ್ತಕ್ಷರವನ್ನು ಕಲ್ಲಿನ ಮೇಲೆ ತರುತ್ತಾಳೆ, ಕೇಳಿಕೊಂಡು ಒರೆಸಿಕೊಂಡು ಹೋಗುತ್ತಾಳೆ. ನಾಲ್ಕು ತಿಂಗಳಾಯಿತು. ಆ ಹುಡುಗಿ ಏನು ಬರೆಯುತ್ತಾಳೆ ಎಂದು ನನಗೆ ಗೊತ್ತಿಲ್ಲ. ಓಣಿಗೂ ಗೊತ್ತಿಲ್ಲ.